ಹುಟ್ಟುಗುಣವೋ, ಕಲಿತದ್ದೋ: ಜಾಕ್ ಲಂಡನ್‌ನ ಎರಡು ನಾಯಿಗಳು

‘ಹುಟ್ಟುಗುಣ ಸುಟ್ಟರೂ ಹೋಗದು’ ಎಂಬ ಗಾದೆ ನಮ್ಮಲ್ಲಿದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂಬ ಗಾದೆಯೂ ಇದೆ. ಮೊದಲನೆಯದರ ಪ್ರಕಾರ ಎಲ್ಲವೂ ರಕ್ತದಲ್ಲೇ ತೀರ್ಮಾನವಾಗಿರುತ್ತದೆ; ಎರಡನೆಯದರ ಪ್ರಕಾರ ಸರಿಯಾದ ವಯಸ್ಸಿನಲ್ಲಿ ಬಗ್ಗಿಸುವ ಕೈ ಸಿಗಬೇಕು. ಒಂದೇ ಮನೆಯ ಜಗಲಿಯಲ್ಲಿ ಕೂತು ಪಕ್ಕದ ಮನೆಯ ಹುಡುಗನಿಗೆ ಮೊದಲ ಗಾದೆಯನ್ನೂ ನಮ್ಮ ಮನೆಯ ಹುಡುಗನಿಗೆ ಎರಡನೆಯದನ್ನೂ ಹೇಳುವುದು ನಮಗೆ ಕಷ್ಟವೆನಿಸಿಲ್ಲ. ಜಾಕ್ ಲಂಡನ್ ಈ ಎರಡು ಮಾತುಗಳಿಗೂ ಒಂದೊಂದು ಕಾದಂಬರಿ ಬರೆದ: 1903ರಲ್ಲಿ ‘ದಿ ಕಾಲ್ ಆಫ್ ದಿ ವೈಲ್ಡ್’, 1906ರಲ್ಲಿ ‘ವೈಟ್ ಫ್ಯಾಂಗ್’. ಎರಡನ್ನೂ ಸಾಮಾನ್ಯವಾಗಿ ಮಕ್ಕಳ ಸಾಹಸಕಥೆಗಳ ಸಾಲಿಗೆ ಸೇರಿಸಿ ಮರೆಯುತ್ತೇವೆ. ಅವನ್ನು ಒಟ್ಟಿಗಿಟ್ಟು ಓದಿದರೆ ತಳಿ ಮತ್ತು ತರಬೇತಿಯ ಬಗ್ಗೆ, ಆ ಮೂಲಕ ಮನುಷ್ಯರ ಬಗ್ಗೆ, ನಡೆಯುವ ಒಂದು ಗಂಭೀರ ವಾದ ಕಾಣುತ್ತದೆ ಎಂಬುದು ನನ್ನ ಅನಿಸಿಕೆ. ಆ ವಾದ ಎಲ್ಲಿ ಗೆಲ್ಲುತ್ತದೆ, ಎಲ್ಲಿ ಹಿಂಜರಿಯುತ್ತದೆ ಎಂದು ನೋಡುವುದು ಈ ಬರಹದ ಉದ್ದೇಶ.

ಕಥೆಗಳು ಒಂದಕ್ಕೊಂದು ಕನ್ನಡಿಯಂತಿವೆ. ಬಕ್ ಎಂಬ ನಾಯಿಯ ತಂದೆ ಸೇಂಟ್ ಬರ್ನಾರ್ಡ್, ತಾಯಿ ಸ್ಕಾಚ್ ಶೆಫರ್ಡ್. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆಯಲ್ಲಿ ನ್ಯಾಯಾಧೀಶ ಮಿಲ್ಲರ್‌ನ ಮನೆಯಲ್ಲಿ ನಾಲ್ಕು ವರ್ಷ ಸುಖವಾಗಿ ಬೆಳೆದ ಅದನ್ನು ತೋಟದ ಆಳು ಕದ್ದು ಮಾರುತ್ತಾನೆ. 1897ರ ಚಿನ್ನದ ಹುಚ್ಚಿನಲ್ಲಿ ಅದು ಕ್ಲಾಂಡೈಕಿನ ಹಿಮ ಸೇರಿ, ಜಾರುಬಂಡಿ ಎಳೆದು, ಕೊನೆಗೆ ತೋಳಗಳ ಗುಂಪಿನ ಮುಂದಾಳಾಗುತ್ತದೆ. ವೈಟ್ ಫ್ಯಾಂಗ್‌ನದು ತಿರುಗುಮುರುಗು ಪ್ರಯಾಣ. ಮುಕ್ಕಾಲು ಪಾಲು ತೋಳ, ಕಾಲು ಪಾಲು ನಾಯಿಯಾದ ಅದು ಕಾಡಿನ ಗವಿಯಲ್ಲಿ ಹುಟ್ಟಿ, ಗ್ರೇ ಬೀವರ್ ಎಂಬ ಇಂಡಿಯನ್ನನ ಕೈಗೆ ಸಿಕ್ಕು, ಬ್ಯೂಟಿ ಸ್ಮಿತ್ ಎಂಬ ಕ್ರೂರಿಯ ಬಳಿ ಕಾಳಗದ ನಾಯಿಯಾಗಿ, ಕೊನೆಗೆ ವೀಡನ್ ಸ್ಕಾಟ್ ಎಂಬಾತನ ಅಕ್ಕರೆಗೆ ಒಲಿದು ಅದೇ ಸಾಂತಾ ಕ್ಲಾರಾದ ಇನ್ನೊಬ್ಬ ನ್ಯಾಯಾಧೀಶನ ಅಂಗಳ ಸೇರುತ್ತದೆ.

ಮೊದಲ ಕಾದಂಬರಿಯ ನಂಬಿಕೆ ರಕ್ತಸ್ಮೃತಿಯದು. ಬೆಂಕಿಯ ಪಕ್ಕ ಮಲಗಿದ ಬಕ್‌ಗೆ ಮೈತುಂಬ ಕೂದಲಿನ, ಗಿಡ್ಡ ಕಾಲಿನ ಆದಿಮಾನವನೊಬ್ಬ ಕಾಣುತ್ತಾನೆ. ಸಾವಿರಾರು ವರ್ಷ ಹಿಂದಿನ ನಾಯಿ ಕಂಡದ್ದು ಇಂದಿನ ನಾಯಿಗೆ ನೆನಪಾಗುತ್ತದೆ ಎಂಬುದು ಲಂಡನ್‌ನ ಕಲ್ಪನೆ. ಇದು ಕಾವ್ಯವಾಗಿ ಸೊಗಸಾಗಿದೆ, ಆದರೆ ಜೀವವಿಜ್ಞಾನವಾಗಿ ನಿಲ್ಲುವುದಿಲ್ಲ. ಪೂರ್ವಜರು ಕಂಡದ್ದು, ಕಲಿತದ್ದು ಮರಿಗಳಿಗೆ ನೆನಪಾಗಿ ಇಳಿಯುವುದಿಲ್ಲ. ಇಳಿಯುವುದು ಬೇರೆ ಬಗೆಯದು: ಯಾವುದಕ್ಕೆ ಬೇಗ ಬೆದರುವುದು, ಯಾವುದರ ಹಿಂದೆ ಓಡುವುದು, ಎಷ್ಟು ಬೇಗ ಶಾಂತವಾಗುವುದು ಎಂಬ ಒಲವುಗಳು.

ಈ ಒಲವುಗಳು ಎಷ್ಟು ಆಳವಾಗಿ ವಂಶದಲ್ಲಿರುತ್ತವೆ ಎಂಬುದಕ್ಕೆ ಹೆಸರಾಂತ ಸಾಕ್ಷಿ ಸೈಬೀರಿಯಾದ ನರಿಗಳದು. ದ್ಮಿತ್ರಿ ಬೆಲ್ಯಾಯೆವ್ 1959ರಲ್ಲಿ ನೊವೊಸಿಬಿರ್ಸ್ಕ್‌ನಲ್ಲಿ ಆರಂಭಿಸಿದ, ಲ್ಯುದ್ಮಿಲಾ ತ್ರುತ್ ದಶಕಗಳ ಕಾಲ ನಡೆಸಿದ ಪ್ರಯೋಗದಲ್ಲಿ ತುಪ್ಪಳಕ್ಕಾಗಿ ಸಾಕುತ್ತಿದ್ದ ನರಿಗಳನ್ನು ಒಂದೇ ಗುಣ ನೋಡಿ ಆರಿಸಿದರು: ಮನುಷ್ಯ ಹತ್ತಿರ ಬಂದಾಗ ಯಾವುದು ಕಡಿಮೆ ಬೆದರುತ್ತದೆ, ಕಡಿಮೆ ಕಚ್ಚುತ್ತದೆ. ಅವುಗಳಿಗೆ ಯಾರೂ ತರಬೇತಿ ಕೊಡಲಿಲ್ಲ. ಮನುಷ್ಯರ ಒಡನಾಟವನ್ನೂ ಮಿತಿಯಲ್ಲಿಟ್ಟರು. ಕೆಲವೇ ಪೀಳಿಗೆಗಳಲ್ಲಿ ಬಾಲ ಅಲ್ಲಾಡಿಸುವ, ಕೈ ನೆಕ್ಕುವ ಮರಿಗಳು ಹುಟ್ಟಿದವು. ಪಳಗಿದ ವಂಶದ ಭ್ರೂಣವನ್ನು ಸಿಡುಕಿನ ವಂಶದ ತಾಯಿಯ ಗರ್ಭದಲ್ಲಿಟ್ಟಾಗಲೂ ಮರಿ ತನ್ನ ವಂಶದ ಗುಣವನ್ನೇ ತೋರಿತು. ಆ ನರಿಗಳ ಪೂರ್ವಜರು ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದ ಸಾಕಣೆ ಕೇಂದ್ರಗಳಿಂದ ಬಂದವು, ಅಂದರೆ ಆಯ್ಕೆಯ ಕೆಲಸ ಬೆಲ್ಯಾಯೆವ್‌ಗಿಂತ ಮೊದಲೇ ಸ್ವಲ್ಪ ನಡೆದಿತ್ತು ಎಂದು 2019ರಲ್ಲಿ ಕೆಲವು ಸಂಶೋಧಕರು ನೆನಪಿಸಿದರು. ಇದರಿಂದ ಕಥೆಯ ವೇಗ ತುಸು ಕಡಿಮೆಯಾಯಿತೇ ಹೊರತು ಮೂಲ ಮಾತು ಸುಳ್ಳಾಗಲಿಲ್ಲ. ಹುಟ್ಟುಗುಣ ಎಂಬುದು ಇದೆ.

ಹಾಗಾದರೆ ಮೊದಲ ಗಾದೆ ಗೆದ್ದಿತೇ? ಅಮೆರಿಕದ ಬಾರ್ ಹಾರ್ಬರ್‌ನಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ನಾಯಿಗಳನ್ನು ಒಂದೇ ರೀತಿಯಲ್ಲಿ ಬೆಳೆಸಿ, ವರ್ಷಗಟ್ಟಲೆ ಪರೀಕ್ಷಿಸಿ 1965ರಲ್ಲಿ ಪುಸ್ತಕ ಬರೆದರು. ತಳಿಗಳ ನಡುವೆ ವ್ಯತ್ಯಾಸ ಕಂಡಿತು. ಜೊತೆಗೆ ಇನ್ನೊಂದು ಸಂಗತಿಯೂ ಕಂಡಿತು: ಸುಮಾರು ಮೂರನೇ ವಾರದಿಂದ ಹನ್ನೆರಡನೇ ವಾರದವರೆಗೆ ಮರಿಗೆ ಮನುಷ್ಯರ ಒಡನಾಟ ಸಿಗದಿದ್ದರೆ, ತಳಿ ಯಾವುದೇ ಇರಲಿ, ಮುಂದೆ ಅದು ಮನುಷ್ಯರಿಗೆ ಬೆದರುವ ನಾಯಿಯಾಗುತ್ತದೆ. ಗಿಡವಾಗಿ ಬಗ್ಗುವ ಕಾಲ ಎಂದರೆ ಇದೇ. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು 18,000ಕ್ಕೂ ಹೆಚ್ಚು ನಾಯಿಗಳ ಬಗ್ಗೆ ಮಾಲೀಕರಿಂದ ವಿವರ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ಜೀನೋಮ್ ಓದಿ ಹೇಳಿದ್ದು ಹೀಗೆ: ನಾಯಿ ನಾಯಿಯ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿ ವಿವರಿಸುವುದು ಸುಮಾರು ಶೇಕಡಾ 9ರಷ್ಟು ಮಾತ್ರ. ಅನೇಕ ಗುಣಗಳಿಗೆ ವಂಶದ ಪಾಲು ಇದೆ, ಆದರೆ ತಳಿಯ ಹೆಸರು ಕೇಳಿ ಒಂದು ನಾಯಿಯ ಸ್ವಭಾವ ಹೇಳುವುದು ಕಷ್ಟ. ಒಂದೇ ಸೂಲಿನ ಮರಿಗಳನ್ನು ಸಾಕಿದವರಿಗೆ ಇದು ಹೊಸ ಸುದ್ದಿಯೇನಲ್ಲ.

ತಳಿ ಮತ್ತು ತರಬೇತಿ ಹೇಗೆ ಒಂದರೊಳಗೊಂದು ಕೆಲಸ ಮಾಡುತ್ತವೆ ಎಂಬುದಕ್ಕೆ ಕುರಿ ಕಾಯುವ ನಾಯಿಗಳು ಒಳ್ಳೆಯ ಉದಾಹರಣೆ. ತೋಳದ ಬೇಟೆ ಒಂದು ಸರಪಣಿ: ದಿಟ್ಟಿಸುವುದು, ಹೊಂಚುವುದು, ಅಟ್ಟುವುದು, ಕಚ್ಚುವುದು, ಕೊಲ್ಲುವುದು. ಬಾರ್ಡರ್ ಕಾಲಿಯಲ್ಲಿ ಮೊದಲ ಮೂರು ಕೊಂಡಿಗಳು ಗಟ್ಟಿಯಾಗಿವೆ, ಕೊನೆಯವು ಸಡಿಲವಾಗಿವೆ. ಇದು ತಳಿ ಸಾಕಿದವರ ಕೆಲಸ. ಯಾವಾಗ ಎಡಕ್ಕೆ ಓಡಬೇಕು, ಯಾವಾಗ ನೆಲಕ್ಕೆ ಒರಗಬೇಕು ಎಂಬುದನ್ನು ಕುರುಬ ಸೀಟಿ ಊದಿ ಕಲಿಸುತ್ತಾನೆ. ದಿಟ್ಟಿಸುವ ಗುಣವಿಲ್ಲದ ನಾಯಿಗೆ ಸೀಟಿ ಊದಿ ಪ್ರಯೋಜನವಿಲ್ಲ. ಸೀಟಿ ಕೇಳದ ಕಾಲಿ ಸೈಕಲ್ಲು, ಮಕ್ಕಳು ಎಂದು ನೋಡದೆ ಎಲ್ಲವನ್ನೂ ಅಟ್ಟುತ್ತದೆ. ನಮ್ಮ ಮುಧೋಳ ನಾಯಿ ಓಡುವ ಮೊಲವನ್ನು ಕಣ್ಣಿನಿಂದಲೇ ಹಿಡಿದಿಟ್ಟು ಬೆನ್ನಟ್ಟುವುದು ವಂಶದ ಗುಣ. ಕರೆದಾಗ ಹಿಂದಿರುಗುವುದು ಮಾತ್ರ ಕಲಿತ ಗುಣ.

ಇಷ್ಟನ್ನು ಮನಸ್ಸಿನಲ್ಲಿಟ್ಟು ಲಂಡನ್‌ನನ್ನು ಮತ್ತೆ ಓದಿದರೆ ಒಂದು ಸೋಜಿಗ ಕಾಣುತ್ತದೆ. ಅವನ ಸಿದ್ಧಾಂತ ಹಳತಾಗಿದೆ, ಅವನ ಕಣ್ಣು ಹಳತಾಗಿಲ್ಲ. ಬಕ್ ಜಾರುಬಂಡಿ ಎಳೆಯಲು ಕಲಿಯುವ ಪುಟಗಳನ್ನೇ ನೋಡಿ. ಅದನ್ನು ಡೇವ್ ಮತ್ತು ಸೋಲ್-ಲೆಕ್ಸ್ ಎಂಬ ಎರಡು ಅನುಭವಿ ನಾಯಿಗಳ ನಡುವೆ ಕಟ್ಟುತ್ತಾರೆ. ತಪ್ಪಿದಾಗ ಅವು ಕಚ್ಚಿ ತಿದ್ದುತ್ತವೆ, ತಪ್ಪದಿದ್ದಾಗ ಸುಮ್ಮನಿರುತ್ತವೆ. ಇಲ್ಲಿ ರಕ್ತಸ್ಮೃತಿಯ ಮಾತಿಲ್ಲ, ಕಲಿಕೆಯ ನಿಖರ ವರದಿ ಇದೆ. ಇದೇ ಕಾದಂಬರಿಯಲ್ಲಿ ಹ್ಯಾಲ್, ಚಾರ್ಲ್ಸ್, ಮರ್ಸಿಡಿಸ್ ಎಂಬ ಮೂವರು ಬರುತ್ತಾರೆ. ಹೊರಲಾರದಷ್ಟು ಸಾಮಾನು, 14 ನಾಯಿಗಳಿಗೆ ಸಾಲದಷ್ಟು ಆಹಾರ. ಕಲಿಯದೆ ಹಿಮಕ್ಕೆ ಬಂದ ಆ ಮೂವರೂ ಮಂಜುಗಡ್ಡೆ ಒಡೆದು ಸಾಯುತ್ತಾರೆ. ರಕ್ತದ ಮಹಿಮೆ ಹಾಡಲು ಹೊರಟ ಪುಸ್ತಕ ತನಗರಿವಿಲ್ಲದೆಯೇ ತರಬೇತಿಯ ಪರವಾಗಿ ಸಾಕ್ಷಿ ಹೇಳುತ್ತದೆ.

‘ವೈಟ್ ಫ್ಯಾಂಗ್’ ಬರೆಯುವ ಹೊತ್ತಿಗೆ ಲಂಡನ್ ಇದನ್ನು ಅರಿತೇ ಹೇಳತೊಡಗುತ್ತಾನೆ. ಅಲ್ಲಿ ವಂಶವನ್ನು ಅವನು ಜೇಡಿಮಣ್ಣಿಗೆ ಹೋಲಿಸುತ್ತಾನೆ. ರೂಪ ಕೊಡುವುದು ಪರಿಸರದ ಕೈ. ವೀಡನ್ ಸ್ಕಾಟ್ ಆ ಕೈಯಾಗುವ ಬಗೆ ಗಮನಾರ್ಹ. ಮೊದಲು ಮಾಂಸದ ತುಂಡನ್ನು ದೂರದಿಂದ ಎಸೆಯುತ್ತಾನೆ. ನಾಯಿ ಬಂದು ತಿಂದು ಹೋಗಲು ಬಿಡುತ್ತಾನೆ. ದಿನ ಕಳೆದಂತೆ ಕೈಯಲ್ಲೇ ಹಿಡಿದು ಕೊಡುತ್ತಾನೆ. ಹೊಡೆತವನ್ನೇ ಕಂಡಿದ್ದ ನಾಯಿಗೆ ಕೈ ಎಂದರೆ ಊಟ ಎಂಬ ಹೊಸ ಅರ್ಥ ನಿಧಾನವಾಗಿ ಅಂಟುತ್ತದೆ. ಬೆದರಿದ ನಾಯಿಗಳನ್ನು ಇಂದು ಪಳಗಿಸುವವರು ಮಾಡುವುದೂ ಇದನ್ನೇ. ಒಂದು ಕಡೆ ಮಾತ್ರ ಲಂಡನ್ ಉದಾರಿಯಾಗಿದ್ದಾನೆ: ತೋಳದ ಮರಿಯನ್ನು ಮನುಷ್ಯರಿಗೆ ಒಗ್ಗಿಸಬೇಕಾದರೆ ಕಣ್ಣು ಬಿಡುವ ಹೊತ್ತಿಗಾಗಲೇ ಕೈಗೆತ್ತಿಕೊಳ್ಳಬೇಕು. ಓಡಾಡುವ ವಯಸ್ಸಿಗೆ ಬಂದ ಮೇಲೆ ಸಿಕ್ಕ ಮುಕ್ಕಾಲು ತೋಳ ಇಷ್ಟು ಪೂರ್ತಿಯಾಗಿ ಒಲಿಯುವುದು ಕಾದಂಬರಿಯ ಸ್ವಾತಂತ್ರ್ಯ.

ಅಂದಿನ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 1907ರಲ್ಲಿ ಲಂಡನ್‌ನನ್ನು ಪ್ರಕೃತಿಯ ಬಗ್ಗೆ ಸುಳ್ಳು ಬರೆಯುವವರ ಸಾಲಿಗೆ ಸೇರಿಸಿದರು. ಬುಲ್‌ಡಾಗ್ ಜೊತೆ ವೈಟ್ ಫ್ಯಾಂಗ್‌ನ ಕಾಳಗ ಅವರ ಆಕ್ಷೇಪಗಳಲ್ಲಿ ಒಂದು. ಮರುವರ್ಷ ಲಂಡನ್ ಕೊಟ್ಟ ಉತ್ತರದ ಸಾರ ಹೀಗಿತ್ತು: ಪ್ರಾಣಿಗಳು ಬರೀ ಹುಟ್ಟುಗುಣದ ಯಂತ್ರಗಳಲ್ಲ, ತಮ್ಮ ಮಟ್ಟದಲ್ಲಿ ಅವೂ ಯೋಚಿಸುತ್ತವೆ. ಈ ಜಗಳದಲ್ಲಿ ನಾನು ಲಂಡನ್‌ನ ಪಕ್ಷ. ಆದರೆ ಕಾದಂಬರಿಯ ನಿಜವಾದ ತೊಡಕನ್ನು ರೂಸ್‌ವೆಲ್ಟ್ ಆಕ್ಷೇಪ ಮುಟ್ಟುವುದೇ ಇಲ್ಲ. ಅದು ಕೊನೆಯ ಅಧ್ಯಾಯಗಳಲ್ಲಿದೆ.

ಸಾಂತಾ ಕ್ಲಾರಾಕ್ಕೆ ಬಂದ ವೈಟ್ ಫ್ಯಾಂಗ್ ಒಂದೇ ರಾತ್ರಿ 50 ಲೆಗಾರ್ನ್ ಕೋಳಿಗಳನ್ನು ಕೊಂದು ಹಾಕುತ್ತದೆ. ಕೋಳಿ ಕೊಲ್ಲುವ ಚಟ ಹತ್ತಿದ ನಾಯಿಯನ್ನು ತಿದ್ದಲಾಗದು ಎಂದು ಮನೆಯ ಹಿರಿಯ ನ್ಯಾಯಾಧೀಶ ಸ್ಕಾಟ್ ತೀರ್ಪು ಕೊಡುತ್ತಾನೆ. ಮಗ ಪಂಥ ಕಟ್ಟುತ್ತಾನೆ. ಅದನ್ನು ಇಡೀ ಮಧ್ಯಾಹ್ನ ಕೋಳಿಗೂಡಿನಲ್ಲೇ ಕೂಡಿಹಾಕಿದರೂ ಒಂದು ಕೋಳಿಯನ್ನೂ ಮುಟ್ಟದೆ ಅದು ಮಲಗುತ್ತದೆ. ಪಂಥ ಸೋತ ನ್ಯಾಯಾಧೀಶ, ತಾನು ಎಣಿಸಿದ್ದಕ್ಕಿಂತ ನೀನು ಜಾಣ ಎಂದು ನಾಯಿಯ ಮುಂದೆ ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಓದುವಾಗ ನಗು ಬರುವ ಪ್ರಸಂಗ.

ಸ್ವಲ್ಪ ಪುಟಗಳಾದ ಮೇಲೆ ಜಿಮ್ ಹಾಲ್ ಎಂಬ ಕೈದಿ ಬರುತ್ತಾನೆ. ಹುಟ್ಟೂ ಸರಿಯಿಲ್ಲ, ಸಮಾಜ ಅವನನ್ನು ತಿದ್ದಿದ ರೀತಿಯೂ ಸರಿಯಿಲ್ಲ ಎಂದು ಲಂಡನ್ ತನ್ನ ಅದೇ ಮಣ್ಣಿನ ರೂಪಕದಲ್ಲಿ ವಿವರಿಸುತ್ತಾನೆ. ಮಾಡದ ಅಪರಾಧಕ್ಕೆ ಪೊಲೀಸರು ಸಾಕ್ಷ್ಯ ಹೆಣೆದು ಸಿಕ್ಕಿಸಿದ್ದಾರೆ. ಅರಿಯದೆ ಅವನಿಗೆ ಶಿಕ್ಷೆ ಕೊಟ್ಟವನು ಇದೇ ನ್ಯಾಯಾಧೀಶ ಸ್ಕಾಟ್. ಜೈಲಿನಿಂದ ತಪ್ಪಿಸಿಕೊಂಡು ಸೇಡಿಗೆ ಬಂದ ಹಾಲ್‌ನನ್ನು ವೈಟ್ ಫ್ಯಾಂಗ್ ಕೊಂದು, ಮನೆಯವರ ಬಾಯಲ್ಲಿ ಪುಣ್ಯಾತ್ಮ ತೋಳವಾಗುತ್ತದೆ.

ಇಲ್ಲಿ ಕಾದಂಬರಿ ತನ್ನದೇ ವಾದದ ಮುಂದೆ ನಿಂತು ಮುಖ ತಿರುಗಿಸುತ್ತದೆ ಎಂದು ನನಗೆ ಅನಿಸುತ್ತದೆ. ಹಾಲ್ ಮತ್ತು ವೈಟ್ ಫ್ಯಾಂಗ್ ಒಂದೇ ಬಗೆಯ ಮಣ್ಣು, ಒಂದೇ ಬಗೆಯ ಕೋಲು ಕಂಡವರು. ನಾಯಿಗೆ ಒಬ್ಬ ವೀಡನ್ ಸ್ಕಾಟ್ ಸಿಕ್ಕ, ಮನುಷ್ಯನಿಗೆ ಸಿಗಲಿಲ್ಲ. ನಾಯಿಯ ವಿಷಯದಲ್ಲಿ ತೀರ್ಪು ತಪ್ಪಿತೆಂದು ಒಪ್ಪಿದ ನ್ಯಾಯಾಧೀಶನಿಂದ ಹಾಲ್‌ನ ವಿಷಯದಲ್ಲಿ ಅಂಥ ಒಂದು ಮಾತೂ ಬರುವುದಿಲ್ಲ. ಲಂಡನ್‌ಗೆ ಅನ್ಯಾಯ ಗೊತ್ತಿದೆ, ಅದನ್ನು ಬರೆದೂ ಇದ್ದಾನೆ. ಆದರೆ ಕಥೆ ಸುಖವಾಗಿ ಮುಗಿಯಲು ಹಾಲ್ ಸಾಯಬೇಕಾಗಿದೆ. ಇದೇ ಕಾದಂಬರಿಯಲ್ಲಿ ವೈಟ್ ಫ್ಯಾಂಗ್‌ಗೆ ಇಂಡಿಯನ್ನರು ಸಣ್ಣ ದೇವರಾಗಿಯೂ ಬಿಳಿಯರು ದೊಡ್ಡ ದೇವರಾಗಿಯೂ ಕಾಣುತ್ತಾರೆ. ನಾಯಿಗೆ ಕಲಿಕೆಯ ಬಾಗಿಲು ತೆರೆದ ಲೇಖಕ ಮನುಷ್ಯರ ನಡುವೆ ಮಾತ್ರ ತಳಿಗಳ ಏಣಿಯನ್ನು ಹಾಗೇ ಉಳಿಸಿಕೊಂಡಿದ್ದಾನೆ.

ಕನ್ನಡದಲ್ಲಿ ಓದುವವರಿಗೆ ಈ ಏಣಿ ಬೇಗ ಕಾಣಬೇಕು. ನಾವು ತಳಿನಾಯಿಯನ್ನು ‘ಜಾತಿನಾಯಿ’ ಎನ್ನುತ್ತೇವೆ, ಉಳಿದವನ್ನು ‘ಕಂತ್ರಿನಾಯಿ’ ಎನ್ನುತ್ತೇವೆ. ತಳಿಗೂ ಜಾತಿಗೂ ಒಂದೇ ಪದ ಬಳಸುವ ಭಾಷೆಯಲ್ಲಿ ನಾಯಿಯ ಬಗ್ಗೆ ಆಡಿದ ಮಾತು ಮನುಷ್ಯನವರೆಗೆ ಹೋಗದೆ ನಿಲ್ಲುವುದಿಲ್ಲ. ನಾಯಿಯ ತಳಿಗಳನ್ನು ಮನುಷ್ಯ ಬೇಕೆಂದೇ, ಒಂದು ಕೆಲಸಕ್ಕೆಂದು, ಪೀಳಿಗೆಗಟ್ಟಲೆ ಆರಿಸಿ ಕಟ್ಟಿದ್ದಾನೆ. ಅಷ್ಟು ಕಟ್ಟುನಿಟ್ಟಿನ ಆಯ್ಕೆಯ ನಂತರವೂ ತಳಿಯ ಹೆಸರು ವರ್ತನೆಯ ಬಗ್ಗೆ ಹೇಳುವುದು ಇಷ್ಟು ಕಡಿಮೆ. ಮನುಷ್ಯರ ಜಾತಿಯ ಹಿಂದೆ ಅಂಥ ಯಾವ ಆಯ್ಕೆಯೂ ಇಲ್ಲ, ಇರುವುದು ಯಾರಿಗೆ ಏನು ಕಲಿಯಲು ಬಿಟ್ಟರು, ಏನು ಬಿಡಲಿಲ್ಲ ಎಂಬ ಇತಿಹಾಸ. ಅಲ್ಲಿ ಹುಟ್ಟುಗುಣದ ಗಾದೆ ಹೇಳುವವರು ಕೋಳಿಗೂಡಿನ ಮುಂದೆ ನಿಂತ ನ್ಯಾಯಾಧೀಶನಿಗಿಂತ ದುರ್ಬಲ ಸಾಕ್ಷ್ಯದ ಮೇಲೆ ತೀರ್ಪು ಕೊಡುತ್ತಿದ್ದಾರೆ.

ಲಂಡನ್ ಪಕ್ಕದಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇಟ್ಟರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಗುತ್ತಿಯ ನಾಯಿ ಹುಲಿಯ ಯಾವ ಸಿದ್ಧಾಂತವನ್ನೂ ಹೊತ್ತು ತಿರುಗುವುದಿಲ್ಲ. ಅದು ಯಾವ ತಳಿ ಎಂಬ ಪ್ರಶ್ನೆಗಿಂತ ಅದು ಯಾರ ಜೊತೆ ನಡೆಯಿತು ಎಂಬುದು ಅಲ್ಲಿ ಮುಖ್ಯ. ಒಡೆಯನ ಹೆಸರಿಗೇ ‘ನಾಯಿಗುತ್ತಿ’ ಎಂದು ಅಂಟಿಕೊಂಡ ಆ ನಾಯಿ ಕೊನೆಗೆ ತುಂಗೆಯ ಪ್ರವಾಹದಲ್ಲಿ ಕೊಚ್ಚಿಹೋದಾಗ, ಊರಿನ ಲೆಕ್ಕದಲ್ಲಿ ಕೀಳೆನಿಸಿಕೊಂಡ ಮನುಷ್ಯನೊಬ್ಬನ ದುಃಖ ನಮ್ಮ ದುಃಖವಾಗುತ್ತದೆ. ಲಂಡನ್ ನಾಯಿಯನ್ನು ಮೇಲೆತ್ತಲು ಹಾಲ್‌ನನ್ನು ಬಲಿ ಕೊಟ್ಟ. ಕುವೆಂಪು ಅವರ ಕಾದಂಬರಿಗೆ ಅಂಥ ಬಲಿ ಬೇಕಾಗಲಿಲ್ಲ.

ಹಾಗೆಂದು ಲಂಡನ್‌ನನ್ನು ಕೈಬಿಡಬೇಕಿಲ್ಲ. ‘ದಿ ಕಾಲ್ ಆಫ್ ದಿ ವೈಲ್ಡ್’ ಹೆಚ್ಚು ಬಿಗಿಯಾದ ಕೃತಿ ಎಂಬುದು ನಿಜ. ಆದರೆ ವಿದ್ಯಾರ್ಥಿಗಳಿಗೆ ನಾನು ಮೊದಲು ‘ವೈಟ್ ಫ್ಯಾಂಗ್’ ಓದಲು ಹೇಳುತ್ತೇನೆ. ಅದರಲ್ಲಿ ಲೇಖಕನೊಬ್ಬ ಸರಿಯಾದ ವಿಚಾರವನ್ನು ಹಿಡಿದು, ನಾಯಿಯವರೆಗೆ ಧೈರ್ಯವಾಗಿ ನಡೆದು, ಮನುಷ್ಯನ ಹೊಸ್ತಿಲಲ್ಲಿ ನಿಂತುಬಿಟ್ಟದ್ದು ಕಾಣುತ್ತದೆ. ಕೊನೆಯ ಅಧ್ಯಾಯವನ್ನು ಜಿಮ್ ಹಾಲ್‌ನ ಕಡೆಯಿಂದ ಓದಿದರೆ, ಲಂಡನ್ ನಿಲ್ಲಿಸಿದ ವಾದವನ್ನು ಓದುಗನೇ ಮುಂದುವರಿಸಬಹುದು.