ವಕ್ತೃವಿನ ಹೆಸರು: ವಿಶ್ವವಿದ್ಯಾನಿಲಯಗಳ ಜಾನಪದ ದಾಖಲೆಗಳಲ್ಲಿ ಬಹಿರಂಗ ಮತ್ತು ಗೋಪ್ಯ

ಕನ್ನಡ ಜಾನಪದದ ಮಹಾಪ್ರಬಂಧಗಳ ಕೊನೆಯ ಪುಟಗಳಲ್ಲಿ ಸಾಮಾನ್ಯವಾಗಿ ವಕ್ತೃಗಳ ವಿವರವೆಂಬ ಅನುಬಂಧವೊಂದು ಇರುತ್ತದೆ. ಹೆಸರು, ವಯಸ್ಸು, ಜಾತಿ, ವೃತ್ತಿ, ಊರು ಎಂಬ ಕಲಮುಗಳಲ್ಲಿ ಹಾಡಿದವರನ್ನೂ ಕತೆ ಹೇಳಿದವರನ್ನೂ ಕ್ರಮವಾಗಿ ಪಟ್ಟಿ ಮಾಡಲಾಗುತ್ತದೆ. ಸಂಶೋಧಕನು ಕ್ಷೇತ್ರಕ್ಕೆ ಹೋಗಿ ಜನರನ್ನು ಕಂಡು ಬಂದಿದ್ದಾನೆ ಎಂಬುದಕ್ಕೆ ಇದು ಆಧಾರ. ಪ್ರಬಂಧದ ಪಠ್ಯ, ವರ್ಗೀಕರಣ, ಸಿದ್ಧಾಂತಗಳ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಆದರೆ ಈ ಅನುಬಂಧ ವಿಮರ್ಶೆಯ ಕಣ್ಣಿಗೆ ಬಿದ್ದದ್ದು ಕಡಿಮೆ. ದಾಖಲೆ ಯಾರಿಗೆ ತೆರೆದಿರಬೇಕು, ಯಾರ ಬದುಕನ್ನು ಮರೆಯಲ್ಲಿಡಬೇಕು ಎಂಬ ಪ್ರಶ್ನೆ ತೀಕ್ಷ್ಣವಾಗಿ ಎದುರಾಗುವುದು ಈ ಪುಟಗಳಲ್ಲಿಯೇ.

ವಕ್ತೃವಿನ ಹೆಸರಿಗೆ ಕನ್ನಡ ಜಾನಪದದಲ್ಲಿ ಒಂದು ಇತಿಹಾಸವಿದೆ. ಹಲಸಂಗಿ ಗೆಳೆಯರು 1931ರಲ್ಲಿ ಪ್ರಕಟಿಸಿದ ಸಂಕಲನದ ಹೆಸರು 'ಗರತಿಯ ಹಾಡು'. ಆ ಶೀರ್ಷಿಕೆಯಲ್ಲಿ ಕಾಣುವವಳು ಒಬ್ಬ ನಿರ್ದಿಷ್ಟ ಹೆಣ್ಣುಮಗಳಲ್ಲ, ಗರತಿ ಎಂಬ ಸಮೂಹರೂಪ. ಇದರ ಇನ್ನೊಂದು ತುದಿಯಲ್ಲಿ ಸಿರಿ ಮಹಾಕಾವ್ಯವಿದೆ. ಬೆಳ್ತಂಗಡಿ ತಾಲೂಕಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಹಾಡಿದ, 15,683 ಸಾಲುಗಳ ಈ ತುಳು ಪಠ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮತ್ತು ಅನ್ನೆಲಿ ಹೊಂಕೊ ಅವರ ಸಹಯೋಗದಲ್ಲಿ 1998ರಲ್ಲಿ ಪ್ರಕಟಿಸಿದರು. ಅಲ್ಲಿ ಗಾಯಕನ ಹೆಸರು ಗ್ರಂಥದ ಶೀರ್ಷಿಕೆಯಲ್ಲಿಯೇ ಸೇರಿತು. ಹಾಡಿದವನು ಬರಿಯ 'ಮಾಹಿತಿದಾರ'ನಲ್ಲ, ಕಾವ್ಯದ ಕರ್ತೃವೂ ಹೌದು ಎಂಬ ಮನ್ನಣೆ ಅದು. ಈ ನಡೆಯನ್ನು ಕಡಿಮೆಯೆಂದು ಎಣಿಸಲಾಗದು. ಹೆಸರಿಸದಿರುವುದೇ ಗೌರವವೆಂದು ಸಾರಾಸಗಟಾಗಿ ಹೇಳಿದರೆ, ಕಲಾವಿದರ ಶ್ರಮವನ್ನು ಸಂಗ್ರಾಹಕರ ಖಾತೆಗೆ ಬರೆದುಕೊಂಡ ಹಳೆಯ ಅನ್ಯಾಯವನ್ನೇ ಮುಂದುವರಿಸಿದಂತಾಗುತ್ತದೆ.

ಆದರೆ ಎಲ್ಲ ವಕ್ತೃಗಳ ಸ್ಥಿತಿ ಗೋಪಾಲ ನಾಯ್ಕರದ್ದಲ್ಲ. ಬೀಸುವಾಗ, ನಾಟಿ ಮಾಡುವಾಗ ಹೆಂಗಸರು ಹಾಡುವ ಪದಗಳಲ್ಲಿ ಅತ್ತೆಯ ಕಾಟವಿದೆ, ಗಂಡನ ಮೇಲಿನ ಸಿಟ್ಟಿದೆ, ತವರಿನ ಅಣ್ಣನ ಮೇಲಿನ ಮುನಿಸಿದೆ. ಹಾಡು ಯಾರೊಬ್ಬರದೂ ಅಲ್ಲ ಎಂಬ ನಂಬಿಕೆಯೇ ಆ ಮಾತುಗಳನ್ನು ಆಡಲು ಅವರಿಗೆ ದೊರೆತ ರಕ್ಷಣೆ. ಅನಾಮಿಕತೆಯು ಜನಪದ ಸಾಹಿತ್ಯದ ಲಕ್ಷಣವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ಹಾಡುವವಳ ಆಸರೆಯೂ ಹೌದು ಎಂಬುದನ್ನು ಹೇಳುವುದಿಲ್ಲ. ಸಂಶೋಧಕನು ಹಾಡಿನ ಮಗ್ಗುಲಲ್ಲಿ ಹೆಸರನ್ನು ಬರೆದ ಕೂಡಲೇ ಸಮೂಹದ ದೂರು ಒಬ್ಬಳ ಹೇಳಿಕೆಯಾಗಿಬಿಡುತ್ತದೆ.

ಅನುಬಂಧವಿದ್ದ ಟಂಕಿತ ಪ್ರತಿ ಗ್ರಂಥಾಲಯದ ಕಪಾಟಿನಲ್ಲಿ ಇದ್ದಷ್ಟು ಕಾಲ ಇದರ ಪರಿಣಾಮ ಸೀಮಿತವಾಗಿತ್ತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2009ರ ನಿಯಮಾವಳಿಯು ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಸಲ್ಲಿಸುವಂತೆ ವಿಧಿಸಿತು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರವು ನಡೆಸುವ 'ಶೋಧಗಂಗಾ' ಭಂಡಾರದಲ್ಲಿ ಹೊಸ ಪ್ರಬಂಧಗಳೊಂದಿಗೆ ಹಳೆಯವೂ ಸೇರಿದವು. ಸಂಶೋಧನೆಯನ್ನು ಸಾರ್ವಜನಿಕಗೊಳಿಸುವ, ಕೃತಿಚೌರ್ಯವನ್ನು ತಡೆಯುವ ಈ ವ್ಯವಸ್ಥೆ ಸ್ವಾಗತಾರ್ಹ. ಸಣ್ಣ ಊರಿನ ವಿದ್ಯಾರ್ಥಿಗೂ ಇಂದು ದೂರದ ವಿಶ್ವವಿದ್ಯಾನಿಲಯದ ಪ್ರಬಂಧ ದೊರೆಯುತ್ತದೆ. ಆದರೆ ಇದರೊಂದಿಗೆ ಅನುಬಂಧಗಳೂ ಜಗತ್ತಿಗೆ ತೆರೆದುಕೊಂಡವು. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ಜಗಲಿಯಲ್ಲಿ ಕುಳಿತು, 'ಓದುವ ಮಕ್ಕಳಿಗೆ ಉಪಕಾರವಾಗಲಿ' ಎಂಬ ಭಾವದಿಂದ ಹಾಡಿದವಳು ಈ ಬಗೆಯ ಪ್ರಸಾರಕ್ಕೆ ಒಪ್ಪಿದ್ದಳೆಂದು ಹೇಳುವುದು ಹೇಗೆ? ಅಂದು ಅಂಥದೊಂದು ಪ್ರಸಾರವನ್ನು ಸಂಶೋಧಕನೂ ಊಹಿಸಿರಲಿಲ್ಲ.

ಹೆಸರನ್ನು ಅಳಿಸಿದರೆ ಸಮಸ್ಯೆ ಬಗೆಹರಿಯುತ್ತದೆಯೇ ಎಂಬುದನ್ನು ಒಂದು ಊರಿನ ನೆಲೆಯಲ್ಲಿ ಪರಿಶೀಲಿಸಬಹುದು. ಕುಂದಾಪುರ ತಾಲೂಕಿನ ಬೀಜಾಡಿ ಕೋಟೇಶ್ವರಕ್ಕೆ ಹೊಂದಿಕೊಂಡ ಕಡಲ ತಡಿಯ ಊರು. ಇಂಥ ಊರುಗಳಲ್ಲಿ ವ್ಯಕ್ತಿಯ ಗುರುತು ಕಾಗದದ ಮೇಲಿನ ಹೆಸರಿಗಿಂತ ಮನೆಯ ಹೆಸರು, ಕಸುಬು ಮತ್ತು ನೆಂಟಸ್ತನದಲ್ಲಿ ಇರುತ್ತದೆ. 'ವಯಸ್ಸು 70, ಮೀನು ಮಾರಾಟ, ಬೀಜಾಡಿ' ಎಂದು ಬರೆದು, ಜೊತೆಗೆ ಜಾತಿಯನ್ನೂ ನಮೂದಿಸಿದರೆ, ದೂರದ ಓದುಗನಿಗೆ ಅದು ಅನಾಮಿಕ ವಿವರ. ಊರವರಿಗೆ ಅದು ಪರಿಚಿತ ಮುಖ. ಗೋಪ್ಯತೆ ಬೇಕಾಗಿರುವುದು ಮುಖ್ಯವಾಗಿ ಆ ಊರಿನ ಒಳಗೆ, ನೆರೆಮನೆಯ ಮತ್ತು ಬೀಗರ ಎದುರಿಗೆ. ಆದ್ದರಿಂದ ಹೆಸರಿನ ಬದಲು ಸಂಖ್ಯೆಯನ್ನು ಕೊಡುವ ವಿಧಾನ ಇಲ್ಲಿ ಅರ್ಧ ಪರಿಹಾರ ಮಾತ್ರ.

ಹಾಗೆಂದು ದಾಖಲೆಗಳಿಗೆ ಬೀಗ ಹಾಕುವುದನ್ನು ಸಮರ್ಥಿಸಲಾಗದು. ಸಾರ್ವಜನಿಕ ಹಣದಿಂದ ನಡೆದ ಸಂಗ್ರಹಕಾರ್ಯದ ಮೇಲೆ ಸಾರ್ವಜನಿಕರಿಗೆ ಹಕ್ಕಿದೆ. 2005ರ ಮಾಹಿತಿ ಹಕ್ಕು ಕಾಯಿದೆಯ ವ್ಯಾಪ್ತಿಗೆ ಸರಕಾರಿ ವಿಶ್ವವಿದ್ಯಾನಿಲಯಗಳೂ ಬರುತ್ತವೆ. ವೈಯಕ್ತಿಕ ಮಾಹಿತಿಗೆ ಅದೇ ಕಾಯಿದೆ ವಿನಾಯಿತಿಯನ್ನೂ ನೀಡಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. ಇವುಗಳಿಗೆ ಮೊದಲೇ, 1989ರಲ್ಲಿ, ಯುನೆಸ್ಕೊ ತನ್ನ ಜಾನಪದ ಸಂರಕ್ಷಣೆಯ ಶಿಫಾರಸಿನಲ್ಲಿ ಪರಂಪರೆಯ ವಾಹಕರ ಖಾಸಗಿತನವನ್ನು ಕಾಪಾಡಬೇಕೆಂದು ಹೇಳಿತ್ತು. ಗೋಪ್ಯತೆಯ ಹೆಸರಿನಲ್ಲಿ ಧ್ವನಿಸುರುಳಿಗಳು ಕರಾವಳಿಯ ತೇವಕ್ಕೆ ಬೂಷ್ಟು ಹಿಡಿದು ಹಾಳಾದರೆ, ಆಗ ಕಾಪಾಡಿದ್ದು ವಕ್ತೃವಿನ ಮಾನವನ್ನಲ್ಲ, ಸಂಸ್ಥೆಯ ಉದಾಸೀನವನ್ನು. ತನ್ನ ಅಜ್ಜಿಯ ದನಿಯನ್ನು ಕೇಳಬಯಸುವ ಮೊಮ್ಮಗಳಿಗೆ ಮುಚ್ಚಿದ ಕಪಾಟಿನಿಂದಾಗುವ ನಷ್ಟವೂ ಸಣ್ಣದಲ್ಲ.

ಈ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಜನಪದ ಪರಂಪರೆಯೇ ತೋರಿಸಿದೆ. ಅಲ್ಲಿ ಎಲ್ಲವೂ ಬಹಿರಂಗವಲ್ಲ, ಎಲ್ಲವೂ ಗುಟ್ಟೂ ಅಲ್ಲ. ನವರಾತ್ರಿಯ ಕಾಲದ ಹೂವಿನಕೋಲು ಮನೆಮನೆಗೆ ಹೋಗುವ ಕಲೆ. ನಾಟಿವೈದ್ಯನ ಮದ್ದು ಇನ್ನೊಬ್ಬರಿಗೆ ಹೇಳಿದರೆ ಫಲಿಸದೆಂಬ ನಂಬಿಕೆಯಿಂದ ಮನೆತನದೊಳಗೇ ಉಳಿಯುತ್ತದೆ. ದೈವದ ಕೋಲವನ್ನು ಊರಿಗೆ ಊರೇ ನೋಡುತ್ತದೆ. ಆದರೆ 2022ರಲ್ಲಿ 'ಕಾಂತಾರ' ತೆರೆಕಂಡ ಬಳಿಕ ದೈವದ ವೇಷವನ್ನೂ ಆವೇಶವನ್ನೂ ಕಂಡಕಂಡಲ್ಲಿ ಅನುಕರಿಸಿದಾಗ ದೈವಾರಾಧಕರು ಆಕ್ಷೇಪಿಸಿದರು. ನೋಡುವ ಹಕ್ಕಿನೊಂದಿಗೆ ಬಳಸುವ ಹಕ್ಕೂ ಬರುವುದಿಲ್ಲ ಎಂಬುದು ಆ ಆಕ್ಷೇಪದ ತಿರುಳು. ಯಾವುದನ್ನು ಯಾರು, ಯಾವಾಗ, ಎಲ್ಲಿ ಕೇಳಬಹುದು ಎಂಬ ವಿವೇಚನೆ ಪರಂಪರೆಯೊಳಗೆ ಸಿದ್ಧವಾಗಿಯೇ ಇದೆ. ಸಂದರ್ಭಕ್ಕೆ ಒತ್ತುಕೊಡುವ ಜಾನಪದ ವಿಜ್ಞಾನವು ಪ್ರದರ್ಶನದ ಸಂದರ್ಭವನ್ನು ವಿವರವಾಗಿ ಬರೆದುಕೊಂಡಿತು. ಕೇಳುವ ಅಧಿಕಾರದ ಈ ಶ್ರೇಣಿಯನ್ನು ಮಾತ್ರ ಭಂಡಾರದ ಹೊರಗೇ ಬಿಟ್ಟಿತು. ಹಾಗಾಗಿ ಒಂದೇ ಕಪಾಟಿನಲ್ಲಿ ಎಲ್ಲ ದಾಖಲೆಗಳಿಗೂ ಒಂದೇ ನಿಯಮ ಬಂತು.

ಈ ಹಿನ್ನೆಲೆಯಲ್ಲಿ ವಿಶ್ವವಿದ್ಯಾನಿಲಯಗಳ ಹೊಣೆ ಸ್ಪಷ್ಟವಾಗಿದೆ. ಪಠ್ಯವನ್ನೂ ವಕ್ತೃವಿನ ವಿವರವನ್ನೂ ಬೇರೆ ಬೇರೆ ದಾಖಲೆಗಳಾಗಿ ಕಾಣಬೇಕು. ಪ್ರಬಂಧ ಎಲ್ಲರಿಗೂ ತೆರೆದಿರಲಿ. ವಕ್ತೃಗಳ ಅನುಬಂಧ ಭಂಡಾರದಲ್ಲಿ ಸುರಕ್ಷಿತವಾಗಿದ್ದು, ಕಾರಣ ತಿಳಿಸಿದ ಸಂಶೋಧಕರಿಗೆ ಅಲ್ಲಿಯೇ ಪರಿಶೀಲಿಸಲು ದೊರೆಯಲಿ. ಆಗ ಶಾಸ್ತ್ರೀಯ ಪ್ರಾಮಾಣ್ಯಕ್ಕೂ ಊನ ಬಾರದು. ಹೊಸ ಕ್ಷೇತ್ರಕಾರ್ಯದಲ್ಲಿ ಒಪ್ಪಿಗೆಯನ್ನು ಮುದ್ರಿತ ನಮೂನೆಯ ಹೆಬ್ಬೆಟ್ಟಿಗೆ ಇಳಿಸದೆ, ಕುಂದಾಪುರದಲ್ಲಿ ಕುಂದಾಪುರದ ಕನ್ನಡದಲ್ಲಿಯೇ ವಿವರಿಸಿ, ವಕ್ತೃವಿನ ಉತ್ತರವನ್ನು ಹಾಡಿನೊಂದಿಗೆ ಧ್ವನಿಮುದ್ರಿಸಬೇಕು. ಹೆಸರು ಬೇಕೆಂದವರ ಹೆಸರು ಮೊದಲ ಪುಟದಲ್ಲಿ ಬರಲಿ. ಬೇಡವೆಂದವರ ವಯಸ್ಸು, ಜಾತಿ, ಊರುಗಳೂ ಒಟ್ಟಾಗಿ ಕಾಣದಿರಲಿ. ಈಗಾಗಲೇ ತೆರೆದುಕೊಂಡಿರುವ ಹಳೆಯ ಅನುಬಂಧಗಳನ್ನು ಆಯಾ ಜಾನಪದ ವಿಭಾಗಗಳು ಮರುಪರಿಶೀಲಿಸಬೇಕು. ಸಂಗ್ರಹದ ಒಂದು ಪ್ರತಿ ಹಾಡು ಹುಟ್ಟಿದ ಊರಿಗೆ ಮರಳಬೇಕು; ಅದನ್ನು ಮೊದಲು ವಕ್ತೃವಿಗೋ ಅವರ ಮನೆಯವರಿಗೋ ಕೇಳಿಸಿ, ಅವರು ಒಪ್ಪಿದ ಭಾಗಗಳನ್ನಷ್ಟೇ ಊರಿನ ಗ್ರಂಥಾಲಯದಲ್ಲಿ ಇರಿಸಬೇಕು.

ಹೆಸರನ್ನು ಬರೆಯಬೇಕೋ ಮರೆಮಾಡಬೇಕೋ ಎಂಬ ತೀರ್ಮಾನವನ್ನು ಈವರೆಗೆ ಸಂಗ್ರಾಹಕರೂ ಸಂಸ್ಥೆಗಳೂ ಮಾಡಿದ್ದಾರೆ. ಅದು ಹಾಡಿದವರದಾಗಬೇಕು. ಬೀಜಾಡಿಯ ಹಾಡುಗಾರ್ತಿಯೊಬ್ಬಳು 'ನನ್ನ ಪದ ಬರೆದುಕೊಳ್ಳಿ, ಹೆಸರು ಬೇಡ' ಎಂದರೆ, ಆ ಮಾತೂ ದಾಖಲೆಯ ಭಾಗವೇ ಆಗುತ್ತದೆ. ಅದನ್ನು ಪಾಲಿಸುವ ಭಂಡಾರಕ್ಕೆ ಮಾತ್ರ ಜನ ಮುಂದೆಯೂ ಬಾಯಿಬಿಟ್ಟು ಹಾಡುತ್ತಾರೆ.