ತೊಗಟೆಯ ಚರ್ಮಕ್ಕೆ ಸುಳ್ಯದ ಮಳೆ

ಈ ವಾರ ಚರ್ಮದ ಅಂಚು ಉಜ್ಜುವ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಆದರೆ ಆಟಿ ತಿಂಗಳು ಹಿಡಿದಿದೆ, ಸುಳ್ಯದಲ್ಲಿ ಉಟ್ಟ ಬಟ್ಟೆಯೇ ಒಣಗುತ್ತಿಲ್ಲ. ಚರ್ಮ ಹೊಲಿಯುವ ಗೆಳೆಯರು ಫೋನು ಮಾಡಿದರೆ ಒಂದೇ ದೂರು, ಬೂಸ್ಟು. ಬೆಲ್ಟಿಗೆ, ಪರ್ಸಿಗೆ, ಜಾತ್ರೆಯಲ್ಲಿ ಮಾರಲು ಮಾಡಿಟ್ಟ ಕತ್ತಿಯ ಒರೆಗೆ, ಎಲ್ಲದಕ್ಕೂ ಬೂಸ್ಟು. ಬೆನ್ನಿಗೇ ಕ್ರೋಮಿನಲ್ಲಿ ಹದ ಮಾಡಿದ ಚರ್ಮದ ಪಕ್ಷದವರ ಹಳೇ ರಾಗವೂ ಶುರುವಾಗಿದೆ: ತೊಗಟೆಯಲ್ಲಿ ಹದ ಮಾಡಿದ ಚರ್ಮ ಘಟ್ಟದ ಕೆಳಗಿನ ಮಳೆಗೆ ಹೇಳಿದ್ದಲ್ಲವಂತೆ.

ಕ್ರೋಮ್ ಚರ್ಮ ನೀರನ್ನು ಹೆಚ್ಚು ತಾಳುತ್ತದೆ, ಒಪ್ಪಿದೆ. ಆದರೆ ಗಾಳಿಯ ತೇವ ನೂರಕ್ಕೆ ಎಪ್ಪತ್ತು ದಾಟಿ ದಿನಗಟ್ಟಲೆ ನಿಂತರೆ ಅದಕ್ಕೂ ಬೂಸ್ಟು ಬರುತ್ತದೆ. ತಪ್ಪಿರುವುದು ಇಡುವ ಕ್ರಮದಲ್ಲಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕಪಾಟಿನ ಮೂಲೆಗೆ ತಳ್ಳಿದರೆ ಯಾವ ಚರ್ಮ ಉಳಿದೀತು? ಹತ್ತಿ ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವಲ್ಲಿ ತೂಗುಹಾಕಿ. ಕಟ್ಟಿಗೆ ಒಲೆ ಇನ್ನೂ ಇರುವ ಮನೆಯಾದರೆ ಅಟ್ಟಕ್ಕಿಂತ ಒಳ್ಳೆಯ ಜಾಗವಿಲ್ಲ. ಬಂದ ಬೂಸ್ಟನ್ನು ಮನೆಯ ಹೊರಗೆ ಒಣಬಟ್ಟೆಯಲ್ಲಿ ಒರೆಸಿ. ಎಣ್ಣೆಯನ್ನಂತೂ ಸುರಿಯಬೇಡಿ, ಜಿಡ್ಡು ಹೆಚ್ಚಾದಷ್ಟೂ ಬೂಸ್ಟಿಗೆ ಊಟ.

ತೊಗಟೆ ಚರ್ಮ ಪರಕೀಯವೆಂಬ ಮಾತನ್ನು ಅಡಿಕೆ ತೋಟದವರು ಆಡುವುದು ನನಗೆ ಅರ್ಥವೇ ಆಗುವುದಿಲ್ಲ. ಹಸಿ ಅಡಿಕೆ ಕೊಯ್ದ ಕತ್ತಿಯ ಅಲಗು ಕಪ್ಪಾಗುವುದನ್ನು ಯಾರು ನೋಡಿಲ್ಲ? ಅಡಿಕೆಯ ಚೊಗರಿಗೂ ಜಾಲಿ ತೊಗಟೆಯ, ಅಳಲೆಕಾಯಿಯ ಚೊಗರಿಗೂ ಮೂಲ ಒಂದೇ, ಟ್ಯಾನಿನ್. ಮಲೆನಾಡಿನವರು ಎಳೆ ಅಡಿಕೆ ಬೇಯಿಸಿ ಚೊಗರು ಇಳಿಸುತ್ತಾರೆ. ನಾವು ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಗಿಸಿ ಚಾಲಿ ಮಾಡುವವರು, ಅದಕ್ಕೇ ಚೊಗರು ಕಾಯಿಸಿದ ಹಂಡೆ ನಮ್ಮಲ್ಲಿ ಕಾಣುವುದಿಲ್ಲ. ಈ ಟ್ಯಾನಿನ್ನಿಗೆ ಕಬ್ಬಿಣ ತಾಗಿದರೆ ಕಪ್ಪು. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಸೇರಿಸಿ ಬರೆಯುವ ಮಸಿ ಮಾಡಿದ್ದೂ ಹೀಗೆಯೇ. ಮಳೆಯಲ್ಲಿ ನೆನೆದ ಕತ್ತಿಯನ್ನು ಒರೆಗೆ ತುರುಕಿದರೆ ಒಳಗೆ ಅಲಗಿನ ಆಕಾರದಲ್ಲೇ ಕಪ್ಪು ಕೂರುತ್ತದೆ. ಒರೆ ಹಾಳಾಯಿತೆಂದು ಹಿಂದಿರುಗಿಸಲು ಬಂದವರಿದ್ದಾರೆ. ನಾನಾದರೆ ತುಕ್ಕು ಮೊಳೆಗಳನ್ನು ವಿನೆಗರಿನಲ್ಲಿ ನೆನೆಹಾಕಿ, ಆ ನೀರನ್ನು ಬೇಕೆಂದೇ ಬಳಿದು ಇಡೀ ಒರೆಯನ್ನು ಕಪ್ಪು ಮಾಡುತ್ತೇನೆ. ಬಣ್ಣ ಮೇಲೆ ಕೂರದೆ ಚರ್ಮದೊಳಕ್ಕೇ ಇಳಿಯುತ್ತದೆ, ಉಜ್ಜಿದರೂ ಹೋಗದು. ಕ್ರೋಮ್ ಚರ್ಮದಲ್ಲಿ ಇದು ಆಗುವ ಕೆಲಸವೇ ಅಲ್ಲ.

ಇನ್ನು ಬೆಲೆ. ಅಂಚಿಗಿಂತ ಇದು ಮುಖ್ಯ, ಅಂಚು ಕಾಯಲಿ. ಜಾತ್ರೆಯಲ್ಲಿ ಒರೆಯನ್ನು ತಿರುಗಿಸಿ ನೋಡಿದವರು, "ಅಣ್ಣ, ಪೇಟೆಯಲ್ಲಿ ಇದರ ಅರ್ಧಕ್ಕೆ ಸಿಗ್ತದಲ್ಲ?" ಅನ್ನುತ್ತಾರೆ. ಕೇಳುವುದು ಅವರ ಹಕ್ಕು. ನನಗೆ ಸಿಟ್ಟಿರುವುದು ನಮ್ಮವರ ಮೇಲೆ. "ನನಗಿದು ಹವ್ಯಾಸ, ಚರ್ಮದ ದುಡ್ಡು ಬಂದರೆ ಸಾಕು" ಎನ್ನುವ ಉದಾರಿಗಳ ಮೇಲೆ. ಬೇರೆ ಸಂಬಳವಿರುವವನು ಹೀಗೆ ಮಾರಿದರೆ, ಇದೇ ಕೆಲಸದಿಂದ ಅಕ್ಕಿ ತರುವವನ ಕೂಲಿಗೆ ಕಲ್ಲು ಬೀಳುತ್ತದೆ. ಆ ಕೂಲಿಯವರು ಯಾರೆಂಬುದನ್ನೂ ಮರೆಯಬಾರದು. ಹನ್ನೆರಡನೇ ಶತಮಾನದ ಮಾದಾರ ಚೆನ್ನಯ್ಯನವರ ವಚನಗಳ ಅಂಕಿತದಲ್ಲೇ ಕೈಯುಳಿ, ಕತ್ತಿ, ಅಡಿಗೂಂಟ ಇವೆ. ಇಂದು ನನ್ನ ಮೇಜಿನ ಮೇಲಿರುವುದೂ ಅವೇ. ಈ ವಿದ್ಯೆಯನ್ನು ಕಾಪಾಡಿದವರನ್ನು ಊರು ಹೊರಗಿಟ್ಟಿತು. ಈಗ ನಮ್ಮಂಥವರು ಅದನ್ನು ಕಲಿತು ಸಂತೋಷಪಡುತ್ತಿರುವಾಗ ಅವರ ಬೆಲೆಯನ್ನು ಕೆಡಿಸುವುದು ಅನ್ಯಾಯ.

ಅಥಣಿ, ನಿಪ್ಪಾಣಿ ಕಡೆಯ ಚಪ್ಪಲಿ ನೋಡಿ. ಕೊಲ್ಹಾಪುರಿ ಎಂಬ ಹೆಸರಿದ್ದರೂ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಇವೆ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅದೇ ಬಗೆಯ ಚಪ್ಪಲಿಯನ್ನು ಮೂಲದ ಹೆಸರೆತ್ತದೆ ಮೆರೆಸಿತು. ಗಲಾಟೆಯಾದ ಮೇಲೆ ಮೂಲವನ್ನು ಒಪ್ಪಿಕೊಂಡು, ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಂ ಮತ್ತು ನಮ್ಮ ಲಿಡ್ಕರ್ ಚರ್ಮೋದ್ಯಮ ನಿಗಮಗಳ ಜತೆ ಒಪ್ಪಂದ ಮಾಡಿಕೊಂಡಿತು: 2,000 ಜೋಡಿ, ಜೋಡಿಯ ಮಾರಾಟ ಬೆಲೆ ಸುಮಾರು 800 ಯೂರೊ. ಅದೇ ಚಪ್ಪಲಿಗೆ ನಮ್ಮ ಸಂತೆಯಲ್ಲಿ ನೂರು ರೂಪಾಯಿ ಇಳಿಸಲು ಚೌಕಾಸಿ ನಡೆಯುತ್ತದೆ.

ಹಾಗಾಗಿ ನಾನು ಗಿರಾಕಿಯ ಮುಂದೆ ಒಂದು ಹೊಲಿಗೆ ಹಾಕಿ ತೋರಿಸುತ್ತೇನೆ. ಒಂದೇ ದಾರ, ಎರಡು ತುದಿಗೂ ಸೂಜಿ. ಹೊಲಿಗೆಯ ಉದ್ದಕ್ಕಿಂತ ನಾಲ್ಕು ಪಟ್ಟು ದಾರ ಬೇಕು, ಅದಕ್ಕೆ ಊರಿನ ತುಡುವೆ ಜೇನಿನ ಮೇಣ ತಿಕ್ಕಿರುತ್ತೇನೆ. ಆರಿಯಿಂದ ತೂತು ಚುಚ್ಚಿ ಎಡಗೈ ಸೂಜಿ ದಾಟಿಸಿ, ಅದೇ ತೂತಿನಲ್ಲಿ ಬಲಗೈ ಸೂಜಿಯನ್ನು ಮೊದಲ ದಾರಕ್ಕೆ ಚುಚ್ಚದಂತೆ ದಾಟಿಸಿ, ಎರಡೂ ಕೈಯಿಂದ ಸಮನಾಗಿ ಬಿಗಿಯಬೇಕು. ಮಿಷನ್ ಹೊಲಿಗೆಯ ಒಂದು ದಾರ ತುಂಡಾದರೆ ಸಾಲು ಬಿಚ್ಚುತ್ತಾ ಹೋಗುತ್ತದೆ. ಇದರಲ್ಲಿ ಒಂದು ಕಡಿದರೂ ಇನ್ನೊಂದು ಹಿಡಿದಿರುತ್ತದೆ. ಇಷ್ಟು ನೋಡಿದ ಮೇಲೆ ಕೆಲವರು ಕೇಳಿದ ಬೆಲೆ ಕೊಡುತ್ತಾರೆ, ಕೆಲವರು ನಕ್ಕು ಮುಂದೆ ಹೋಗುತ್ತಾರೆ. ಹೋದವರನ್ನು ಕರೆದು ಬೆಲೆ ಇಳಿಸಬೇಡಿ.