ದಿಗಂತವಿಲ್ಲದ ನೆಲ

ಎಂಟು ಮೀಟರ್ ಅಗಲದ ಕಪ್ಪು ಕ್ಯಾನ್ವಾಸ್. ಅದರ ತುಂಬ ಒಂದರೊಳಗೊಂದು ಹೆಣೆದುಕೊಂಡ ಬಿಳಿ ಗೆರೆಗಳು. ಮೆಲ್ಬರ್ನಿನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾದ ಸಂಗ್ರಹದಲ್ಲಿರುವ ಇದು, ಆಸ್ಟ್ರೇಲಿಯಾದ ಮೂಲನಿವಾಸಿ ಕಲಾವಿದೆ ಎಮಿಲಿ ಕಾಮ್ ಉಂಗ್ವಾರೆ ಎಂಬತ್ತು ದಾಟಿದ ಮೇಲೆ, 1995ರಲ್ಲಿ ಬರೆದ ‘ಬಿಗ್ ಯಾಮ್ ಡ್ರೀಮಿಂಗ್’.

ಅಮೂರ್ತ ಕಲೆ ಎಂದು ಮುಂದೆ ಸಾಗುವುದು ಸುಲಭ. ಆದರೆ ಈ ಗೆರೆಗಳು ಅವರ ನೆಲದ ಕಾಡುಗೆಣಸಿನ ಬೇರುಗಳು. ‘ಕಾಮ್’ ಎಂಬ ಹೆಸರಿಗೂ ಆ ಗೆಣಸಿನ ಬೀಜವೆಂದೇ ಅರ್ಥ. ಚಿತ್ರದಲ್ಲಿ ದಿಗಂತವಿಲ್ಲ, ಹಾಗಾಗಿ ನೆಲವನ್ನು ದೂರ ನಿಂತು ನೋಡುವ ಜಾಗವೂ ನಮಗಿಲ್ಲ.

2007ರಲ್ಲಿ ಇವರ ‘ಅರ್ತ್ಸ್ ಕ್ರಿಯೇಷನ್’ ಹತ್ತು ಲಕ್ಷ ಡಾಲರ್ ದಾಟಿ ಹರಾಜಾಯಿತು. ಲೆಕ್ಕಪರಿಶೋಧಕನಾದ ನನಗೆ ಆ ಅಂಕಿ ಅರ್ಥವಾಗುತ್ತದೆ. ನೆಲವನ್ನೂ ನಾನು ಬರೆಯುವುದು ಆಸ್ತಿಯ ಕಾಲಂನಲ್ಲೇ. ಈ ಚಿತ್ರದಲ್ಲಿ ಮನುಷ್ಯರೇ ನೆಲದ ಆಸ್ತಿ. ಇದೇ ಊರಲ್ಲಿ ಮನೆ ಕೊಂಡಿರುವ ನನಗೆ, ಅದರೆದುರು ‘ಇದು ನನ್ನ ನೆಲ’ ಎನ್ನಲು ಬಾಯಿ ಬರಲಿಲ್ಲ.